ಹಬ್ಬದ ವೆಚ್ಚವೂ ಹಡ್ಸನ್ ತೀರದ ಮಿತವ್ಯಯವೂ

ಸೂರ್ಯಚಂದ್ರರ ಗತಿಯನ್ನು ಗಣಿಸಿ ಹಬ್ಬದ ತಿಥಿಯನ್ನು ನಿರ್ಣಯಿಸುವ ನಮ್ಮವರಿಗೆ ವಿಚಿತ್ರವಾಗಿ ತೋರಬಹುದಾದರೂ, ಅಮೆರಿಕದಲ್ಲಿ ಒಂದು ಮಹಾಪರ್ವದ ದಿನವನ್ನು ವರ್ತಕರ ಅನುಕೂಲಕ್ಕಾಗಿ ಒಂದು ವಾರ ಮುಂಚೆಯೇ ತಂದ ಪ್ರಸಂಗವೊಂದುಂಟು. 1939ರ ನವೆಂಬರಿನಲ್ಲಿ ಐದು ಗುರುವಾರಗಳು ಬಂದುವು. ರೂಢಿಯಂತೆ ಕೊನೆಯ ಗುರುವಾರವಾದ 30ರಂದು ಥ್ಯಾಂಕ್ಸ್‌ಗಿವಿಂಗ್ ಹಬ್ಬ ನಡೆದಿದ್ದರೆ, ಅದು ಕಳೆದ ಮೇಲೆ ಆರಂಭವಾಗುವ ಕ್ರಿಸ್‌ಮಸ್ಸಿನ ವ್ಯಾಪಾರಕ್ಕೆ ಉಳಿಯುತ್ತಿದ್ದ ಅವಧಿ ತೀರ ಅಲ್ಪ. ಆದುದರಿಂದ, ಆರ್ಥಿಕ ಮುಗ್ಗಟ್ಟಿನಿಂದ ಇನ್ನೂ ಪೂರ್ತಿಯಾಗಿ ಚೇತರಿಸಿಕೊಳ್ಳದಿದ್ದ ಅಂಗಡಿಕಾರರ ಪ್ರಾರ್ಥನೆಯನ್ನು ಮನ್ನಿಸಿ, ನ್ಯೂಯಾರ್ಕಿನವರೇ ಆದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರು ಹಬ್ಬವನ್ನು 23ಕ್ಕೆ ತಂದರು. ಕೆಲವು ಸಂಸ್ಥಾನಗಳು ಹೊಸ ದಿನವನ್ನೂ ಕೆಲವು ಹಳೆಯ ದಿನವನ್ನೂ ಹಿಡಿದು ದೇಶವೇ ಇಬ್ಭಾಗವಾಯಿತು. ಕಡೆಗೆ 1941ರಲ್ಲಿ, ನವೆಂಬರಿನ ನಾಲ್ಕನೆಯ ಗುರುವಾರವೇ ಹಬ್ಬವೆಂದು ಶಾಸನವಾಯಿತು. ಹಬ್ಬವೂ ಅಂಗಡಿಯೂ ಇಷ್ಟು ನಿಕಟವಾಗಿ ಹೆಣೆದುಕೊಂಡಿರುವ ನಾಡಿನಲ್ಲಿ, ಅಲ್ಪಾದಾಯದ ಸಂಸಾರವು ಹಬ್ಬವನ್ನು ಬಿಡದೆಯೂ ಸಾಲಕ್ಕೆ ಸಿಲುಕದೆಯೂ ಬಾಳಿ ಬಂದ ಬಗೆಯು, ಹಡ್ಸನ್ ನದಿಯ ಎರಡು ದಡಗಳಾದ ನ್ಯೂಯಾರ್ಕ್ ನ್ಯೂ ಜೆರ್ಸಿಗಳ ಜನಜೀವನದ ಚರಿತ್ರೆಯಲ್ಲಿ ಗೌರವಕ್ಕೆ ಅರ್ಹವಾದ ಒಂದು ಅಧ್ಯಾಯವೆಂದು ನಾನು ಭಾವಿಸುತ್ತೇನೆ.

ಈ ಅಧ್ಯಾಯದ ಆರಂಭ, ಚೌಕಾಸಿಯ ಕಾಲ ಮುಗಿಯುತ್ತ ಬಂದಲ್ಲಿ. 1846ರಲ್ಲಿ ಅಲೆಗ್ಸಾಂಡರ್ ಸ್ಟೂಅರ್ಟನು ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿ ತೆರೆದ ಅಮೃತಶಿಲೆಯ ಮಳಿಗೆಯಲ್ಲಿ ಬಡವನಿಗೂ ಬಲ್ಲಿದನಿಗೂ ಒಂದು ವಸ್ತುವಿಗೆ ಒಂದೇ ಬೆಲೆ. 1858ರಲ್ಲಿ ಆರನೆಯ ಅವೆನ್ಯೂನಲ್ಲಿ ಅಂಗಡಿ ಹೂಡಿದ ರೋಲೆಂಡ್ ಮೇಸಿಯು ಕಡದ ಲೆಕ್ಕವನ್ನೇ ಇಡದೆ, ರೊಕ್ಕ ಎಣಿಸಿದವರಿಗೆ ಅಗ್ಗವಾಗಿ ಮಾರುವ ನಿಯಮವನ್ನು ಹಿಡಿದನು. ಹಡಗಿನಿಂದ ಆಗತಾನೆ ಇಳಿದ, ದೇಶಭಾಷೆಯ ನಾಲ್ಕು ಮಾತೂ ಬಾರದ ವಲಸೆಗಾರನಿಗೆ, ವಾದಿಸಬೇಕಾದ ಅಗತ್ಯವಿಲ್ಲದ ಬೆಲೆಚೀಟಿ ಎಷ್ಟು ದೊಡ್ಡ ಅಭಯವಾಗಿದ್ದಿರಬೇಕು! ಮುಂದೆ ಫ್ರಾಂಕ್ ವುಲ್ವರ್ತನು ಐದು ಹತ್ತು ಸೆಂಟುಗಳ ಅಂಗಡಿಗಳನ್ನು ಕಟ್ಟುತ್ತ ಬಂದಾಗ, ಹಬ್ಬದ ಅಲಂಕಾರವೂ ಬಡವರ ಕೈಗೆ ನಿಲುಕಿತು. 1880ರಲ್ಲಿ ಜರ್ಮನಿಯ ಗಾಜಿನ ಬುರುಡೆಗಳನ್ನು ಒಲ್ಲದ ಮನಸ್ಸಿನಿಂದಲೇ 25 ಡಾಲರಿನಷ್ಟು ಕೊಂಡನೆಂದೂ, ಅವು ಎರಡೇ ದಿನಗಳಲ್ಲಿ ಮುಗಿದುಹೋದುವೆಂದೂ ಅವನೇ ಹೇಳಿಕೊಂಡಿದ್ದಾನೆ. ಶ್ರೀಮಂತರ ದಿವಾನಖಾನೆಗೆ ಮೀಸಲಾಗಿದ್ದ ಕ್ರಿಸ್‌ಮಸ್ ಮರದ ಶೋಭೆಯು ಕೂಲಿಯವನ ಕೊಠಡಿಯನ್ನು ಹೊಕ್ಕದ್ದು ಹೀಗೆ.

ಬೆಲೆಯನ್ನು ಇಳಿಸುವುದು ವರ್ತಕನ ಒಂದು ಉಪಾಯವಾದರೆ, ಬೆಲೆಯನ್ನು ಹಾಗೆಯೇ ಇರಿಸಿ ಉಡುಗೊರೆಯನ್ನು ಕೊಡುವುದು ಮತ್ತೊಂದು. ನಮ್ಮ ಸಂತೆಯಲ್ಲಿ ಅಳೆದಾದ ಮೇಲೆ ಕೈತುಂಬ ಹಾಕುವ ಕೊಸರಿನಂತೆ, ಗಿರಾಕಿಯ ಮನಸ್ಸನ್ನು ಒಲಿಸುವ ಈ ಉಪಾಯವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂಯಾರ್ಕಿನ ಸಾಬೂನು ತಯಾರಕ ಬೆಂಜಮಿನ್ ಬ್ಯಾಬಿಟ್ಟನು, ಸಾಬೂನಿನ ಹೊದಿಕೆ ಕಾಗದಗಳನ್ನು ಕೂಡಿಟ್ಟು ತಂದವರಿಗೆ ಬಣ್ಣದ ಚಿತ್ರಗಳನ್ನು ಕೊಟ್ಟು ಬೆಳೆಸಿದನು. 1859ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲಾಗಿ, ಮುಂದೆ ಎ ಅಂಡ್ ಪಿ ಎಂದು ಮನೆಮಾತಾದ ಚಹದ ಕಂಪೆನಿಯೂ ಚಹದೊಡನೆ ಪಿಂಗಾಣಿಯ ಪಾತ್ರೆ ಮೊದಲಾದ ಕಾಣಿಕೆಗಳನ್ನು ಹಂಚಿಯೇ ವಿಸ್ತಾರವಾಯಿತು. ಆದರೆ ಕಾಣಿಕೆಯ ವೆಚ್ಚವನ್ನು ಭರಿಸುತ್ತಿದ್ದವರು ಯಾರು? ಈ ಪ್ರಶ್ನೆಗೆ ಪ್ರತ್ಯಕ್ಷವಾದ ಉತ್ತರ ದೊರೆತದ್ದು 1912ರಲ್ಲಿ, ನ್ಯೂ ಜೆರ್ಸಿಯ ಜೆರ್ಸಿ ಸಿಟಿಯಲ್ಲಿ. ಕಂಪೆನಿಯ ಒಡೆಯರ ಮಗನಾದ ಜಾನ್ ಹಾರ್ಟ್‌ಫರ್ಡನು, ಕಾಣಿಕೆಯಿಲ್ಲ, ಕಡವಿಲ್ಲ, ಮನೆಗೆ ಸಾಮಾನು ತಲುಪಿಸುವ ಏರ್ಪಾಡಿಲ್ಲ, ಬೆಲೆ ಮಾತ್ರ ಕಡಮೆ ಎಂಬ ಕಟ್ಟಳೆಯ ಚಿಕ್ಕ ಅಂಗಡಿಯೊಂದನ್ನು ಅಲ್ಲಿ ತೆರೆದನು. ಜನ ಅಲ್ಲಿಗೇ ಮುಗಿಬಿದ್ದರು. 1930ರ ಹೊತ್ತಿಗೆ ಆ ಮಾದರಿಯನ್ನನುಸರಿಸಿ ಬೆಳೆದ ಕಂಪೆನಿಯ ಅಂಗಡಿಗಳು 15,000ವನ್ನು ಮೀರಿದ್ದುವು. ಉಡುಗೊರೆಯ ಬೆಲೆಯು ಚಹದ ಬೆಲೆಯೊಳಗೇ ಅಡಗಿತ್ತೆಂಬುದನ್ನು ಗೃಹಿಣಿಯರು ತಮ್ಮ ಕೈಚೀಲದಿಂದಲೇ ಅರಿತರು.

ಅನಂತರ ಬಂದ ಮಹಾಕ್ಷಾಮದಂಥ ಮುಗ್ಗಟ್ಟಿನ ವರ್ಷಗಳು ಈ ಪಾಠವನ್ನು ಇನ್ನಷ್ಟು ಗಾಢಗೊಳಿಸಿದುವು. 1930ರ ಆಗಸ್ಟ್ 4ರಂದು ಕ್ವೀನ್ಸಿನ ಜಮೇಕದಲ್ಲಿ ಮೈಕೇಲ್ ಕಲನ್ನನು ಹಳೆಯ ಗ್ಯಾರೇಜೊಂದರಲ್ಲಿ ಕಿಂಗ್ ಕಲನ್ ಮಳಿಗೆಯನ್ನು ತೆರೆದು, ಸಾಮಾನನ್ನು ರಾಶಿ ಒಟ್ಟಿ ಅಗ್ಗಕ್ಕೆ ಮಾರಿದನು. 1932ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ಸಿಗೆ ಕೆಲವೇ ವಾರಗಳಿರುವಾಗ, ನ್ಯೂ ಜೆರ್ಸಿಯ ಎಲಿಜಬೆತ್ ಪಟ್ಟಣದಲ್ಲಿ ಮುಚ್ಚಿಹೋಗಿದ್ದ ಡ್ಯುರಾಂಟ್ ಮೋಟಾರು ಕಾರ್ಖಾನೆಯೊಳಗೆ ಬಿಗ್ ಬೇರ್ ಎಂಬ ಬೃಹತ್ ಅಂಗಡಿ ಆರಂಭವಾಯಿತು. ಕೆಲಸ ಕಳೆದುಕೊಂಡವರ ಸಂಸಾರಗಳಿಗೆ ಹಬ್ಬದೂಟದ ಸಾಮಗ್ರಿಯು, ಕೆಲಸವೇ ನಿಂತುಹೋದ ಕಾರ್ಖಾನೆಯ ಗೋಡೆಗಳ ನಡುವೆ ದೊರೆಯಿತೆಂಬುದು ಆ ಕಾಲದ ಕಷ್ಟವನ್ನೂ ಧೈರ್ಯವನ್ನೂ ಒಟ್ಟಿಗೆ ಸಾರುತ್ತದೆ.

ಅಗ್ಗದ ಅಂಗಡಿಯಿದ್ದರೂ ಕೈಯಲ್ಲಿ ಒಂದಿಷ್ಟು ಹಣವಿರಬೇಕಷ್ಟೆ. ಅದಕ್ಕೆಂದು, 1909ರಲ್ಲಿ ನೆರೆಯ ಪೆನ್ಸಿಲ್ವೇನಿಯದ ಕಾರ್ಲೈಲ್ ಪಟ್ಟಣದ ಬ್ಯಾಂಕೊಂದು ವಾರವಾರವೂ ಅಲ್ಪಸ್ವಲ್ಪ ಕಟ್ಟಿಸಿಕೊಂಡು ಡಿಸೆಂಬರಿನಲ್ಲಿ ಗಂಟಾಗಿ ಹಿಂದಿರುಗಿಸುವ ಕ್ರಿಸ್‌ಮಸ್ ಉಳಿತಾಯದ ಪದ್ಧತಿಯನ್ನು ತಂದಿತು. ಅದು ಬೇಗನೆ ದೇಶದ ಉದ್ದಗಲಕ್ಕೂ ಹಬ್ಬಿತು. ಬೆಂಗಳೂರು ಮೈಸೂರುಗಳ ವಠಾರಗಳಲ್ಲಿ ಪಟಾಕಿಗೂ ಸಿಹಿಗೂ ವರ್ಷವಿಡೀ ಕಟ್ಟುವ ದೀಪಾವಳಿ ಚೀಟಿಯನ್ನು ಬಲ್ಲವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ.

ಜೆರ್ಸಿ ಸಿಟಿಯ ಅಂಗಡಿಯಿಂದ ಉಡುಗೊರೆಯ ಉಪಾಯವು ಸತ್ತುಹೋಯಿತೆಂದು ತಿಳಿಯಲಾಗದು. 1896ರಲ್ಲಿ ಸ್ಥಾಪಿತವಾದ ಸ್ಪೆರಿ ಅಂಡ್ ಹಚಿನ್ಸನ್ ಸಂಸ್ಥೆಯ ಹಸುರು ಚೀಟಿಗಳು, ಎರಡನೆಯ ಮಹಾಯುದ್ಧದ ಅನಂತರ ಮನೆಮನೆಗೂ ಬಂದುವು. ಹತ್ತು ಸೆಂಟಿನ ಖರೀದಿಗೆ ಒಂದು ಚೀಟಿ. 1,200 ಚೀಟಿಗಳನ್ನು ಅಂಟಿಸಿದರೆ ಒಂದು ಪುಸ್ತಕ ಭರ್ತಿ. ಎಂದರೆ 120 ಡಾಲರಿನ ದಿನಸಿ ಕೊಂಡ ಸಾಕ್ಷ್ಯ. ತಾಯಿ ಎಣಿಸಿ ಕೊಟ್ಟ ಚೀಟಿಗಳನ್ನು ಮಕ್ಕಳು ನಾಲಗೆಗೆ ತಾಗಿಸಿ ಪುಟಕ್ಕೆ ಒತ್ತಿ, ತುಂಬಿದ ಪುಸ್ತಕಗಳನ್ನು ವಿನಿಮಯ ಕೇಂದ್ರಕ್ಕೆ ಒಯ್ದು, ಟೋಸ್ಟರನ್ನೋ ಆಟಿಕೆಯನ್ನೋ ಕ್ರಿಸ್‌ಮಸ್ಸಿನ ಕಾಣಿಕೆಯಾಗಿ ತರುತ್ತಿದ್ದರು. ಚೀಟಿಗಳ ಯುಗ ಇಳಿಮುಖವಾದಂತೆ ಅವುಗಳ ಸ್ಥಾನಕ್ಕೆ, ಸರಕಿನ ತಯಾರಕನು ಕೊಡುವ ರಿಯಾಯಿತಿಯ ಚೀಟಿಯಾದ ಕೂಪನ್ನು ಬಂದಿತು. 1972ರಿಂದ ಭಾನುವಾರದ ಪತ್ರಿಕೆಯ ಮಡಿಕೆಯಲ್ಲಿ ಕೂಪನ್ನುಗಳ ಬಣ್ಣದ ಪುರವಣಿಯೇ ಬರತೊಡಗಿತು.

ಕೂಪನ್ನೆಂಬ ಆ ಚಿಕ್ಕ ಕಾಗದವನ್ನು ಹತ್ತಿರ ಹಿಡಿದು ನೋಡಿರಿ. ಮೇಲೆ ವಾಯಿದೆಯ ದಿನಾಂಕ; ನಡುವೆ ಸರಕಿನ ಚಿತ್ರವೂ ರಿಯಾಯಿತಿಯ ಮೊತ್ತವೂ; ಕೆಳಗೆ, ಕನ್ನಡಕವಿಲ್ಲದೆ ಓದಲಾಗದ ಅಕ್ಷರಗಳಲ್ಲಿ, ಅಂಗಡಿಯವನಿಗೆ ಮೊತ್ತದ ಮೇಲೆ 8 ಸೆಂಟು ನಿರ್ವಹಣ ವೆಚ್ಚ ಸಲ್ಲುವುದೆಂಬ ಒಡಂಬಡಿಕೆ; ಕಟ್ಟಕಡೆಗೆ, ಇದರ ನಗದು ಬೆಲೆ ಸೆಂಟಿನ ನೂರರಲ್ಲೊಂದು ಭಾಗವೆಂಬ ವಾಕ್ಯ. ಹಿಂದಿನ ಅಂಗಡಿ ಚೀಟಿಗಳಿಗೆ ನಗದು ಬೆಲೆಯಿರಲೇಬೇಕೆಂದು ಕೆಲವು ಸಂಸ್ಥಾನಗಳು ವಿಧಿಸಿದ್ದ ಕಾನೂನಿನ ಕುರುಹು ಅದು. ಅಚ್ಚಾದ ಕೂಪನ್ನುಗಳಲ್ಲಿ ಅಂಗಡಿಗೆ ಹಿಂದಿರುಗುವುದು ನೂರಕ್ಕೆ ಸುಮಾರು ಒಂದೇ ಒಂದು. ಉಳಿದ ತೊಂಬತ್ತೊಂಬತ್ತನ್ನು ಜನ ಎಸೆಯುವರೆಂಬ ನೆಚ್ಚಿಕೆಯ ಮೇಲೆಯೇ ತಯಾರಕನ ಲೆಕ್ಕಾಚಾರ ನಿಂತಿದೆ. ಎಸೆಯದೆ ಕತ್ತರಿಸಿ, ವಾಯಿದೆಯಂತೆ ಜೋಡಿಸಿ, ಮರೆಯದೆ ಒಯ್ಯುವವಳಿಗೆ ಸಿಗುವುದು ಅವಳ ಶ್ರದ್ಧೆಯ ವೇತನ.

ಇದು ದಾನವಲ್ಲ, ವೇತನವೆಂಬುದು ಜನರಿಗೆ ಎಷ್ಟು ಚೆನ್ನಾಗಿ ತಿಳಿದಿತ್ತೆಂಬುದಕ್ಕೆ 1996ರ ಒಂದು ಘಟನೆಯೇ ಪ್ರಮಾಣ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪೆನಿಯು ನ್ಯೂಯಾರ್ಕ್ ಸಂಸ್ಥಾನದ ಬಫಲೋ, ರಾಚೆಸ್ಟರ್, ಸಿರಕ್ಯೂಸ್ ಪ್ರದೇಶಗಳಲ್ಲಿ ಕೂಪನ್ನುಗಳನ್ನು ನಿಲ್ಲಿಸಿ, ಅದಕ್ಕೆ ಬದಲಾಗಿ ಎಲ್ಲರಿಗೂ ಕಡಮೆ ಬೆಲೆಯನ್ನು ಕೊಡುವುದಾಗಿ ಸಾರಿತು. ತರ್ಕವು 1912ರ ಜೆರ್ಸಿ ಸಿಟಿಯ ಅಂಗಡಿಯದೇ. ಆದರೆ ಜನ ಈ ಸಲ ಒಪ್ಪದೆ ಪ್ರತಿಭಟಿಸಿದರು. ಮರುವರ್ಷ ಪ್ರಯೋಗವನ್ನು ಕೈಬಿಡಬೇಕಾಯಿತು. ತಯಾರಕರು ಕೂಡಿ ನಡೆದರೆಂಬ ಆರೋಪವು ಸಂಸ್ಥಾನದ ಅಟಾರ್ನಿ ಜನರಲರೊಡನೆ ಆದ ರಾಜಿಯಲ್ಲಿ ಮುಗಿದು, 42 ಲಕ್ಷ ಡಾಲರುಗಳು ಜನರಿಗೆ ಕೂಪನ್ನುಗಳ ರೂಪದಲ್ಲಿಯೇ ಸಂದುವು. ಹಣವಿಲ್ಲದವನಲ್ಲಿಯೂ ಸಮಯವೂ ಸಹನೆಯೂ ಇರಬಹುದು. ಅವೆರಡಕ್ಕೂ ಬೆಲೆ ಕಟ್ಟುವ ಸಾಧನವನ್ನು ಆತನು ಸುಲಭವಾಗಿ ಬಿಟ್ಟುಕೊಡಲಾರನು.

ನಮ್ಮವರು ಈ ಚರಿತ್ರೆಯೊಳಗೆ ಕಾಲಿಟ್ಟದ್ದು, ಅಧ್ಯಕ್ಷ ಜಾನ್ಸನ್ನರು 1965ರ ಅಕ್ಟೋಬರ್ 3ರಂದು ನ್ಯೂಯಾರ್ಕ್ ಬಂದರಿನ ಲಿಬರ್ಟಿ ದ್ವೀಪದಲ್ಲಿ ಹೊಸ ವಲಸೆ ಕಾಯಿದೆಗೆ ಅಂಕಿತ ಹಾಕಿದ ಮೇಲೆ. ವಿದೇಶಿ ವಿನಿಮಯದ ಕಟ್ಟುನಿಟ್ಟಿನಿಂದಾಗಿ ಎಂಟೇ ಡಾಲರುಗಳೊಡನೆ ವಿಮಾನವನ್ನು ಹತ್ತಿದ ಆ ಪೀಳಿಗೆಗೆ ಮಿತವ್ಯಯವು ಬೋಧಿಸಬೇಕಾದ ತತ್ತ್ವವಾಗಿರಲಿಲ್ಲ. ನ್ಯೂ ಜೆರ್ಸಿಯ ಎಡಿಸನ್ನಿನ ಓಕ್ ಟ್ರೀ ರಸ್ತೆಯಲ್ಲಾಗಲಿ ಜೆರ್ಸಿ ಸಿಟಿಯ ನ್ಯೂಅರ್ಕ್ ಅವೆನ್ಯೂನಲ್ಲಾಗಲಿ ಇಂದಿನ ಭಾರತೀಯ ಅಂಗಡಿಗಳ ಸಾಲು ಇನ್ನೂ ಏಳದಿದ್ದ ಆ ದಿನಗಳಲ್ಲಿ, ಕ್ರೀಮ್ ಆಫ್ ವೀಟ್ ರವೆಯಾಗಿ ಉಪ್ಪಿಟ್ಟೂ ಕೇಸರಿಬಾತೂ ಆಯಿತು. ಬಿಸ್ಕ್ವಿಕ್ ಹಿಟ್ಟು ಹಾಲುಪುಡಿಯೊಡನೆ ಕಲೆತು ದೀಪಾವಳಿಯ ಜಾಮೂನಾಯಿತು. ಇವೆಲ್ಲ ಕೂಪನ್ನಿಗೆ ಒಳಪಟ್ಟ ಸರಕುಗಳೇ ಆಗಿದ್ದುದರಿಂದ, ಭಾನುವಾರದ ಕತ್ತರಿಯ ಕೆಲಸವು ಕನ್ನಡದ ಅಡುಗೆಮನೆಗೂ ನೇರವಾಗಿ ಸಂಬಂಧಿಸಿತು. ಮುಂದಿನ ದಶಕಗಳಲ್ಲಿ ಗಂಡನ ವೀಸಾವನ್ನು ಅವಲಂಬಿಸಿ ಬಂದು, ವಿದ್ಯೆಯಿದ್ದೂ ಉದ್ಯೋಗದ ಅನುಮತಿಯಿಲ್ಲದೆ ಮನೆಯಲ್ಲಿ ಕುಳಿತ ಎಷ್ಟೋ ಹೆಣ್ಣುಮಕ್ಕಳು, ಈ ಲೆಕ್ಕಾಚಾರದಲ್ಲಿ ತಮ್ಮ ಬುದ್ಧಿಗೊಂದು ಕಾರ್ಯಕ್ಷೇತ್ರವನ್ನು ಕಂಡುಕೊಂಡರು. ಅವರಲ್ಲಿ ಕೆಲವರಿಗಾದರೂ ದುಡಿಯುವ ಹಕ್ಕು ದೊರೆತದ್ದು 2015ರಲ್ಲಿ.

ಹೀಗೆ ಎರಡು ಪಂಚಾಂಗಗಳನ್ನು ಹೊಂದಿಸಿ ಸಂಸಾರ ನಡೆಸುವ ಜಾಣ್ಮೆ ಬೆಳೆಯಿತು. ನವೆಂಬರಿನಲ್ಲಿ ಕ್ರಿಸ್‌ಮಸ್ಸಿನ ಬೇಕಿಂಗಿಗೆಂದು ಬೆಣ್ಣೆಯ ಬೆಲೆ ಇಳಿದಾಗ ಉಪ್ಪಿಲ್ಲದ ಬೆಣ್ಣೆಯನ್ನು ಹತ್ತಾರು ಪೌಂಡು ಕೊಂಡು ಫ್ರೀಜರಿನಲ್ಲಿಟ್ಟರೆ, ಅದು ಸಂಕ್ರಾಂತಿಯ ಪೊಂಗಲಿಗೂ ಯುಗಾದಿಯ ಹೋಳಿಗೆಗೂ ಕಾಯಿಸಿದ ತುಪ್ಪ. ಡಿಸೆಂಬರ್ 25 ಕಳೆದ ಮರುದಿನ ಅರ್ಧ ಬೆಲೆಗೆ ಇಳಿಯುವ ದೀಪದ ಸರಗಳು, ಅಟ್ಟದಲ್ಲಿ ಹತ್ತು ತಿಂಗಳು ಕಾದು, ದೀಪಾವಳಿಯಂದು ಬಾಗಿಲಿನ ಮುಂದೆ ಬೆಳಗುತ್ತವೆ. ನ್ಯೂ ಜೆರ್ಸಿಯ ನ್ಯೂಅರ್ಕ್ ನಗರದಲ್ಲಿ 1946ರಲ್ಲಿ ಕಿರಾಣಿ ವರ್ತಕರು ಕೂಡಿ ಕಟ್ಟಿದ ಸಹಕಾರ ಸಂಘದಿಂದ ಬೆಳೆದ ಶಾಪ್‌ರೈಟ್ ಮಳಿಗೆಗಳ ಜನವರಿಯ ಡಬ್ಬಿ ಮಾರಾಟದಲ್ಲಿ, ಕಾಬೂಲಿ ಕಡಲೆಯ ಡಬ್ಬಿಗಳು ವರ್ಷಕ್ಕಾಗುವಷ್ಟು ಗೂಡು ಸೇರುತ್ತವೆ. ಉಡುಪಿಗೆ ಮಾರಾಟ ತೆರಿಗೆಯಿಲ್ಲದ ನ್ಯೂ ಜೆರ್ಸಿಗೆ ನ್ಯೂಯಾರ್ಕಿನವರು ಹೊಸ ಬಟ್ಟೆಗಾಗಿ ನದಿ ದಾಟಿ ಬರುವುದುಂಟು. ಆದರೆ ಭಾನುವಾರ ಬಟ್ಟೆಯಂಗಡಿಗಳನ್ನು ಮುಚ್ಚಿಸುವ ಹಳೆಯ ಕಾನೂನು ಬರ್ಗನ್ ಕೌಂಟಿಯಲ್ಲಿ ಇನ್ನೂ ಜೀವಂತವಾಗಿರುವುದರಿಂದ, ಅಲ್ಲಿಯ ಪರಾಮಸಿಗೆ ಹೊರಡುವವರು ಶನಿವಾರವೇ ಹೊರಡಬೇಕು.

ಇಷ್ಟನ್ನು ವಿಚಾರಿಸಿದ ಮೇಲೆ ಒಂದು ಮಾತು ಸ್ಪಷ್ಟವಾಗುತ್ತದೆ. ಒಂದೇ ಬೆಲೆ, ಕಾಣಿಕೆ, ಹಸುರು ಚೀಟಿ, ಕೂಪನ್ನು, ಇವೆಲ್ಲವೂ ವರ್ತಕನು ತನ್ನ ಮಾರಾಟವನ್ನು ಹೆಚ್ಚಿಸಿಕೊಳ್ಳಲೆಂದು ಹೂಡಿದುವೇ. ಅವು ಸಂಸಾರಕ್ಕೆ ಹಿತವಾದದ್ದು, ಪಟ್ಟಿಯನ್ನು ಮೊದಲು ಮನೆಯಲ್ಲಿ ಬರೆದುಕೊಂಡು ಅನಂತರ ಅಂಗಡಿಗೆ ಹೋದವರ ಕೈಯಲ್ಲಿ ಮಾತ್ರ. ಬೇಡದ ವಸ್ತುವನ್ನು ಅರ್ಧ ಬೆಲೆಗೆ ತಂದವನು ಉಳಿಸಿದ್ದು ಏನೂ ಇಲ್ಲ. ಬೇಕಾದುದನ್ನು ಬೇಕಾದಷ್ಟೇ ತಂದು, ಮಿಕ್ಕ ಹಣದಲ್ಲಿ ಊರಿನ ತಂದೆತಾಯಿಗಳಿಗೆ ಒಂದಿಷ್ಟು ಕಳುಹಿಸಿ, ಒಂದು ಕೊಂಡರೆ ಬಂದ ಇನ್ನೊಂದು ಡಬ್ಬಿಯನ್ನು ನವೆಂಬರಿನಲ್ಲಿ ಬಡವರಿಗಾಗಿ ಆಹಾರ ಕೂಡಿಸುವವರ ಪೆಟ್ಟಿಗೆಗೆ ಹಾಕಿ, ಹತ್ತು ಮಂದಿಯನ್ನು ಮನೆಗೆ ಕರೆದು ಎಲೆ ಹಾಕಿ ಬಡಿಸಿದ ಕುಟುಂಬಗಳನ್ನು ನಾನು ಎಡಿಸನ್ನಿನಲ್ಲಿಯೂ ನ್ಯೂಯಾರ್ಕಿನ ಫ್ಲಷಿಂಗಿನಲ್ಲಿಯೂ ಕಂಡಿದ್ದೇನೆ. ಅವರ ಮಿತವ್ಯಯದಲ್ಲಿ ಜಿಪುಣತನದ ಸೋಂಕೂ ಇಲ್ಲ. ಹೊರಗಿನ ವೆಚ್ಚವನ್ನು ಹಿಡಿತದಲ್ಲಿಟ್ಟದ್ದರಿಂದಲೇ ಅವರಿಗೆ ಒಳಗಿನ ಔದಾರ್ಯವನ್ನು ಸಡಿಲಬಿಡಲು ಸಾಧ್ಯವಾಯಿತು. ಅಂಥ ಮನೆಗಳು ಇರುವವರೆಗೆ ಹಬ್ಬದ ದಿನವನ್ನು ಅಂಗಡಿಯು ಹಿಂದುಮುಂದು ಮಾಡಬಹುದೇ ಹೊರತು, ಹಬ್ಬದ ಅಳತೆಯನ್ನು ನಿರ್ಣಯಿಸುವ ಅಧಿಕಾರ ಅದಕ್ಕೆ ಸೇರದು.