ಸಸ್ಯಾಹಾರ, ಆರೋಗ್ಯ ಮತ್ತು ಅಕ್ಕಿಯ ತೌಡು

ಸಸ್ಯಾಹಾರದಿಂದ ಆರೋಗ್ಯ ಎಂಬುದು ನಮ್ಮಲ್ಲಿ ಬಹುಕಾಲದಿಂದ ಬಂದ ನಂಬಿಕೆ. ಕಾಳು, ಬೇಳೆ, ಸೊಪ್ಪು, ತರಕಾರಿಗಳಿಂದ ಕೂಡಿದ ಊಟ ಹೃದಯಕ್ಕೂ ಕರುಳಿಗೂ ಹಿತವೆಂದು ಇಂದಿನ ವೈದ್ಯಶಾಸ್ತ್ರವೂ ಒಪ್ಪುತ್ತದೆ. ಆದರೆ ಎಲೆಯಲ್ಲಿ ಮಾಂಸವಿಲ್ಲದ ಮಾತ್ರಕ್ಕೆ ಊಟ ಆರೋಗ್ಯಕರವಾಗಿಬಿಡುವುದೆ? ಇದಕ್ಕೆ ಇತಿಹಾಸ ಕೊಟ್ಟಿರುವ ಉತ್ತರವನ್ನು ಹೊರನಾಡ ಕನ್ನಡಿಗರಾದ ನಾವು ಗಮನಿಸಬೇಕು.

ಮನೆಯ ಒರಳಿನಲ್ಲಿ ಕುಟ್ಟಿದ ಅಕ್ಕಿಗೆ ಒಂದಿಷ್ಟು ತೌಡು ಅಂಟಿಕೊಂಡೇ ಇರುತ್ತಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಉಗಿಯಂತ್ರದ ಗಿರಣಿಗಳು ಏಷ್ಯಾದಲ್ಲಿ ಹರಡಿ, ತೌಡನ್ನು ಪೂರ್ತಿ ಉಜ್ಜಿ ತೆಗೆದು ಮಲ್ಲಿಗೆಯಂಥ ಅಕ್ಕಿಯನ್ನು ಕೊಟ್ಟುವು. ಅದರ ಹಿಂದೆಯೇ ಬೆರಿಬೆರಿ ರೋಗವೂ ಹೆಚ್ಚಿತು. ಕೈಕಾಲು ಜೋಮು ಹಿಡಿದು, ಮೈ ಊದಿ, ಕೊನೆಗೆ ಹೃದಯವೇ ಸೋತು ಜನ ಸಾಯುತ್ತಿದ್ದರು. ರೋಗಾಣುವೇ ಕಾರಣವಿರಬೇಕೆಂದು ವೈದ್ಯರು ಹುಡುಕಿದರು.

ಜಾವಾ ದ್ವೀಪದ ಬಟೇವಿಯಾದಲ್ಲಿ, ಎಂದರೆ ಇಂದಿನ ಜಕಾರ್ತದಲ್ಲಿ, ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯ ಇದೇ ಹುಡುಕಾಟದಲ್ಲಿದ್ದ. ಆಸ್ಪತ್ರೆಯಲ್ಲಿ ಉಳಿದ ಬಿಳಿ ಅನ್ನವನ್ನು ತಿಂದ ಪ್ರಯೋಗಶಾಲೆಯ ಕೋಳಿಗಳು ಕಾಲಿನ ಬಲ ಕಳೆದುಕೊಂಡುವು. ತೌಡಿರುವ ಅಕ್ಕಿ ಹಾಕಿದಾಗ ಚೇತರಿಸಿಕೊಂಡುವು. 1890ರ ದಶಕದಲ್ಲಿ ಜಾವಾದ 101 ಸೆರೆಮನೆಗಳ ಲೆಕ್ಕ ತೆಗೆದಾಗ ಸಂಗತಿ ಸ್ಪಷ್ಟವಾಯಿತು. ಬಿಳಿ ಅಕ್ಕಿ ಕೊಡುತ್ತಿದ್ದ 51 ಸೆರೆಮನೆಗಳ ಪೈಕಿ 36ರಲ್ಲಿ ಬೆರಿಬೆರಿ ಇತ್ತು. ತೌಡಿನ ಪೊರೆ ಉಳಿದ ಅಕ್ಕಿ ಕೊಡುತ್ತಿದ್ದ 37ರಲ್ಲಿ ಒಂದರಲ್ಲಿ ಮಾತ್ರ. ಉಳಿದವುಗಳಲ್ಲಿ ಎರಡೂ ಬಗೆಯ ಅಕ್ಕಿ ಬೆರೆಸಿ ಕೊಡುತ್ತಿದ್ದರು. ತೌಡಿನಲ್ಲಿದ್ದ ಜೀವಸತ್ವವನ್ನೇ ನಾವಿಂದು ಬಿ1 ಎನ್ನುತ್ತೇವೆ. ಐಕ್‌ಮನ್‌ನಿಗೆ 1929ರಲ್ಲಿ ಹಾಪ್ಕಿನ್ಸ್‌ನೊಡನೆ ನೊಬೆಲ್ ಪಾರಿತೋಷಕ ದೊರೆಯಿತು.

ನಮ್ಮ ದೇಶವೂ ಇದರಿಂದ ಪಾರಾಗಲಿಲ್ಲ. ಗಿರಣಿಯ ಬೆಳ್ತಿಗೆ ಅಕ್ಕಿಯನ್ನೇ ನೆಚ್ಚಿದ್ದ ಆಂಧ್ರದ ಕರಾವಳಿ ಜಿಲ್ಲೆಗಳಲ್ಲಿ ಬೆರಿಬೆರಿ ನೆಲೆಯೂರಿತ್ತು. ಅದರ ಶೋಧನೆಗಾಗಿ 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಕೂನೂರಿನಲ್ಲಿ ಒಂದು ಸಣ್ಣ ಕೊಠಡಿಯಲ್ಲಿ ಕೆಲಸ ಆರಂಭಿಸಿದರು. ಅದೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು, 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಎಂಬ ಹೆಸರು ಪಡೆಯಿತು. ಹೈದರಾಬಾದಿನ ನಮ್ಮ ಬಂಧುಗಳು ತಾರ್ನಾಕದಲ್ಲಿ ಅದರ ಕಟ್ಟಡವನ್ನು ನೋಡಿಯೇ ಇರುತ್ತಾರೆ.

ಕುಚ್ಚಲಕ್ಕಿ ಉಣ್ಣುವವರಿಗೆ ಮಾತ್ರ ಈ ರೋಗ ಅಷ್ಟಾಗಿ ತಟ್ಟಲಿಲ್ಲ. ಭತ್ತವನ್ನು ಸಿಪ್ಪೆಯೊಡನೆ ನೆನೆಸಿ ಬೇಯಿಸಿದಾಗ ಹೊರಪದರದ ಸತ್ವ ಕಾಳಿನೊಳಕ್ಕೆ ಇಳಿಯುತ್ತದೆ. ಮುಂದೆ ಗಿರಣಿಗೆ ಹೋದರೂ ಅದರಲ್ಲಿ ಹೆಚ್ಚು ಪಾಲು ಉಳಿಯುತ್ತದೆ. ನಮ್ಮ ದಕ್ಷಿಣ ಕನ್ನಡದ ಗಂಜಿಯಲ್ಲಿ ಈ ವಿವೇಕವಿತ್ತು. ಬಯಲುಸೀಮೆಯ ರಾಗಿಯಂತೂ ಪುಟ್ಟ ಕಾಳು. ಹೊಟ್ಟು ಬಿಗಿಯಾಗಿ ಅಂಟಿರುವುದರಿಂದ ಇಡಿಯಾಗಿಯೇ ಬೀಸಬೇಕಾಗುತ್ತಿತ್ತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ಅಕ್ಕಿಯಲ್ಲಿ ಸುಮಾರು 10.

ಊರು ಬಿಟ್ಟು ಬಂದ ನಾವು ಭಾಷೆಯನ್ನು ಉಳಿಸಿಕೊಳ್ಳಲು ಸಂಘ ಕಟ್ಟಿದೆವು, ನಾಟಕ ಆಡಿದೆವು. ಮುದ್ದೆ, ಜೋಳದ ರೊಟ್ಟಿ, ಕುಚ್ಚಲಕ್ಕಿಗಳನ್ನು ಮಾತ್ರ ಹಲವರು ಊರಿನಲ್ಲೇ ಬಿಟ್ಟುಬಂದೆವು. ಬೆಳಗ್ಗೆ ಬ್ರೆಡ್ಡು, ಮಧ್ಯಾಹ್ನ ಬಿಳಿ ಅನ್ನ, ಸಂಜೆ ಮೈದಾದ ತಿಂಡಿ: ಇದೂ ಸಸ್ಯಾಹಾರವೇ! ಬೆರಿಬೆರಿಯ ಭಯ ಇಂದು ಕಡಮೆಯಾಗಿದೆ, ನಿಜ. ಆದರೆ ನಾರು ಕಳೆದ ಧಾನ್ಯ ಬೇಗ ಸಕ್ಕರೆಯಾಗಿ ರಕ್ತ ಸೇರುತ್ತದೆ. ಮಧುಮೇಹಕ್ಕೆ ಹಾದಿಮಾಡುವವುಗಳಲ್ಲಿ ಅದೂ ಒಂದು.

ಇನ್ನೊಂದು ಮಾತನ್ನೂ ಹೇಳಬೇಕು. ಬಿ12 ಎಂಬ ಜೀವಸತ್ವ ಧಾನ್ಯ, ತರಕಾರಿಗಳಿಂದ ದೊರೆಯುವುದಿಲ್ಲ. ಹಾಲು ಮೊಸರುಗಳನ್ನು ತಕ್ಕಷ್ಟು ಸೇವಿಸದ ಸಸ್ಯಾಹಾರಿಗಳು, ಮುಖ್ಯವಾಗಿ ವಯಸ್ಸಾದವರು, ವೈದ್ಯರನ್ನು ಕೇಳುವುದು ಲೇಸು.

ಆದ್ದರಿಂದ ಮಾಂಸ ಬಿಟ್ಟೆವೆಂಬ ಸಮಾಧಾನವೊಂದೇ ಸಾಲದು. ಧಾನ್ಯದ ಸತ್ವ ಉಳಿದಿದೆಯೆ, ಜೊತೆಗೆ ಬೇಳೆಯಿದೆಯೆ, ಸೊಪ್ಪಿದೆಯೆ ಎಂದು ನೋಡಬೇಕು. ವಾರದಲ್ಲಿ ನಾಲ್ಕು ದಿನವಾದರೂ ರಾಗಿ, ಜೋಳ, ಇಲ್ಲವೆ ಪಾಲಿಶ್ ಮಾಡದ ಅಕ್ಕಿ ನಮ್ಮ ಮಕ್ಕಳ ತಟ್ಟೆಗೆ ಬರಲಿ. ಕನ್ನಡದ ಮಾತಿನಂತೆ ಅದರ ರುಚಿಯೂ ಎಳವೆಯಲ್ಲೇ ನಾಲಗೆಗೆ ಹತ್ತಬೇಕು.