ಚೀಲದ ಜೊತೆ ಹೋದದ್ದೇನು?

ನಮ್ಮ ಕಡೆ ‘ಚೀಲ ತೆಗೆಸ್ಯಾಳ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸುತ್ತ ಕೂತವರ ನಡುವೆ, ರಾಣೆಬೆನ್ನೂರು ಸುತ್ತಲಿನ ಬೀಜದ ಹೊಲಗಳಲ್ಲಿ, ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಈ ಮಾತು ಕೇಳದವರಿಲ್ಲ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ‘ಅವತ್ತಿಂದ ಇಟ್ಟದ್ದು ನೆನಪಿರಂಗಿಲ್ಲ, ಸಣ್ಣದಕ್ಕೂ ಅಳು ಬರ್ತೈತಿ, ರಾತ್ರಿ ನಿದ್ದಿ ಇಲ್ಲ.’ ಮನೆಯವರು ವಯಸ್ಸಾಯ್ತು ಅಂತಾರೆ. ಮೂವತ್ತೈದರ ಹೆಂಗಸಿಗೆ ಅದೆಂಥ ವಯಸ್ಸು?

ಗರ್ಭಚೀಲ ಬೇರೆ, ಅಂಡಾಶಯ ಬೇರೆ. ಚೀಲ ಕೂಸು ಬೆಳೆಯುವ ಜಾಗ. ಅದರ ಎಡಬಲಕ್ಕೆ ಬಾದಾಮಿ ಗಾತ್ರದ ಎರಡು ಅಂಡಾಶಯಗಳಿರುತ್ತವೆ. ಈಸ್ಟ್ರೋಜನ್ ಎಂಬ ಹಾರ್ಮೋನು ಮುಖ್ಯವಾಗಿ ಅಲ್ಲಿಂದ ಬರುತ್ತದೆ. ಚೀಲ ತೆಗೆಯುವಾಗ ಕೆಲವೊಮ್ಮೆ ಅಂಡಾಶಯಗಳನ್ನೂ ತೆಗೆಯುತ್ತಾರೆ. ‘ಚೀಲ ತೆಗೆಸ್ಯಾಳ’ ಎಂಬ ಮಾತಿನಲ್ಲಿ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ.

ಹೆಂಗಸಿನ ಮನಸ್ಸು ಕೆಟ್ಟರೆ ಒಳಗಿನ ಅಂಗದ ಮೇಲೆ ತಪ್ಪು ಹೊರಿಸುವುದು ಹಳೆಯ ರೂಢಿ. ಹಿಸ್ಟೀರಿಯಾ ಎಂಬ ಹೆಸರೇ ಗ್ರೀಕರ ಗರ್ಭಚೀಲದ ಪದದಿಂದ ಬಂದದ್ದು. 1872ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ರಾಬರ್ಟ್ ಬ್ಯಾಟಿ ಎಂಬ ವೈದ್ಯ ರೋಗವಿಲ್ಲದ ಅಂಡಾಶಯಗಳನ್ನು ತೆಗೆಯುವ ಆಪರೇಷನ್ ಶುರು ಮಾಡಿದ. ಮುಟ್ಟಿನ ಸಂಕಟ, ಮೂರ್ಛೆ, ಕೊನೆಗೆ ‘ಹುಚ್ಚು’, ಎಲ್ಲಕ್ಕೂ ಅದೇ ಮದ್ದಾಯಿತು. ಅಮೆರಿಕ, ಯುರೋಪಿನಲ್ಲಿ ಎಷ್ಟೋ ಹೆಂಗಸರು ಈ ಕತ್ತರಿಗೆ ಸಿಕ್ಕರು. ಮನಸ್ಸು ಸರಿಹೋಗಲಿ ಎಂದು ಮನಸ್ಸಿಗೆ ಆಸರೆಯಾಗಿದ್ದನ್ನೇ ಕಿತ್ತುಹಾಕಿದರು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಹೊಳೆಯುವುದಕ್ಕೆ ಕಾಲ ಹಿಡಿಯಿತು. 1896ರಲ್ಲಿ ವಿಯೆನ್ನಾದ ಎಮಿಲ್ ಕ್ನಾಯರ್ ಮೊಲಗಳ ಮೇಲೆ ಪ್ರಯೋಗ ಮಾಡಿ, ಅಂಡಾಶಯ ರಕ್ತಕ್ಕೆ ಏನನ್ನೋ ಬಿಡುತ್ತದೆ ಎಂದು ತೋರಿಸಿದ. 1929ರಲ್ಲಿ ಅಮೆರಿಕದ ಎಡ್ವರ್ಡ್ ಡಾಯ್ಸಿ, ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಇಬ್ಬರೂ ಬೇರೆ ಬೇರೆಯಾಗಿ ಗರ್ಭಿಣಿಯರ ಮೂತ್ರದಿಂದ ಒಂದು ಬಗೆಯ ಈಸ್ಟ್ರೋಜನ್ ಬೇರ್ಪಡಿಸಿದರು. ಅದಾದ ಮೇಲೂ ಅದು ಬಸಿರು-ಮುಟ್ಟಿಗೆ ಮಾತ್ರ ಸಂಬಂಧಿಸಿದ್ದು ಎಂದೇ ಬಹುಕಾಲ ತಿಳಿದಿದ್ದರು.

1990ರಲ್ಲಿ ನ್ಯೂಯಾರ್ಕಿನಲ್ಲಿ ಕ್ಯಾಥರೀನ್ ವೂಲಿ, ಬ್ರೂಸ್ ಮೆಕ್‌ಇವನ್ ಮತ್ತು ಸಂಗಡಿಗರು ಹೆಣ್ಣಿಲಿಗಳ ಮಿದುಳು ನೋಡಿದರು. ನೆನಪು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗದ ನರಕೋಶಗಳ ಮೇಲೆ ಜಾಲಿಯ ಮುಳ್ಳಿನಂಥ ಸಣ್ಣ ಚಾಚುಗಳಿರುತ್ತವೆ, ಒಂದು ಕೋಶ ಇನ್ನೊಂದರ ಜೊತೆ ಮಾತಾಡುವುದು ಅಲ್ಲಿಂದ. ಇಲಿಯ ನಾಲ್ಕೈದು ದಿನದ ಋತುಚಕ್ರದಲ್ಲೇ ಈ ಮುಳ್ಳುಗಳು ಹೆಚ್ಚಿ ಕಡಿಮೆಯಾಗುತ್ತಿದ್ದವು.

ಇಲಿಯ ಮಾತು ಇರಲಿ. ಕೆನಡಾದಲ್ಲಿ ಸೂಸನಾ ಫಿಲಿಪ್ಸ್, ಬಾರ್ಬರಾ ಶೆರ್ವಿನ್ 1992ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ಹೆಚ್ಚು ಹತ್ತಿರದ್ದು. ಚೀಲದ ಜೊತೆ ಎರಡೂ ಅಂಡಾಶಯ ತೆಗೆಸಬೇಕಾದ ಹೆಂಗಸರಿಗೆ ಆಪರೇಷನ್ನಿಗೆ ಮೊದಲು ಜೋಡಿ ಪದಗಳನ್ನು ಕೇಳಿಸಿ ನೆನಪು ಪರೀಕ್ಷಿಸಿದರು. ಆಮೇಲೆ ಕೆಲವರಿಗೆ ಈಸ್ಟ್ರೋಜನ್, ಕೆಲವರಿಗೆ ಔಷಧವಿಲ್ಲದ ಸೂಜಿ ಕೊಟ್ಟರು. ಬರಿ ಸೂಜಿಯವರ ಅಂಕ ಇಳಿಯಿತು, ಈಸ್ಟ್ರೋಜನ್ ಪಡೆದವರದ್ದು ಇಳಿಯಲಿಲ್ಲ. ಚಿಕ್ಕ ಅಧ್ಯಯನ, ಆದರೆ ‘ಇಟ್ಟದ್ದು ನೆನಪಿರಂಗಿಲ್ಲ’ ಎಂಬ ಮಾತು ಮೊದಲ ಸಲ ಕಾಗದದ ಮೇಲೆ ಲೆಕ್ಕವಾಗಿ ಕಂಡದ್ದು ಇಂಥ ಕಡೆಯೇ. 2007ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವಾಲ್ಟರ್ ರೊಕಾ ತಂಡ ದಶಕಗಳ ದಾಖಲೆ ತೆಗೆದು ನೋಡಿತು. ಮುಟ್ಟು ನಿಲ್ಲುವ ಮೊದಲೇ ಅಂಡಾಶಯ ಕಳೆದುಕೊಂಡವರಲ್ಲಿ ಮುಂದೆ ಬುದ್ಧಿ ಮಂಕಾಗುವ ಅಪಾಯ ಹೆಚ್ಚಿತ್ತು. ಎಷ್ಟು ಚಿಕ್ಕ ವಯಸ್ಸೋ ಅಷ್ಟು ಹೆಚ್ಚು.

ಹಂಗಾದರೆ ಎಲ್ಲ ಹೆಂಗಸರಿಗೂ ಮುಟ್ಟು ನಿಲ್ಲುತ್ತದಲ್ಲ ಎಂದು ಕೇಳಬಹುದು. ಕೆರೆಯ ನೀರು ಬೇಸಿಗೆಯಲ್ಲಿ ಮೆಲ್ಲಗೆ ಇಳಿಯುವುದಕ್ಕೂ ಏರಿ ಒಡೆದು ಒಂದೇ ರಾತ್ರಿ ಬರಿದಾಗುವುದಕ್ಕೂ ಇರುವ ವ್ಯತ್ಯಾಸ ಅದು. ತಾನಾಗಿ ನಿಲ್ಲುವಾಗಲೂ ಮರೆವು, ಸಿಟ್ಟು, ಮೈ ಕಾವು ಇರುತ್ತವೆ, ಆದರೆ ದೇಹಕ್ಕೆ ಹೊಂದಿಕೊಳ್ಳಲು ವರ್ಷಗಳು ಸಿಗುತ್ತವೆ. ಅಂಡಾಶಯ ಉಳಿಸಿ ಚೀಲ ಮಾತ್ರ ತೆಗೆದರೂ ಈಸ್ಟ್ರೋಜನ್ ಕೆಲ ವರ್ಷ ಮೊದಲೇ ಇಳಿಯಬಹುದು.

ಈಗ ನಮ್ಮೂರಿಗೆ ಬರೋಣ. 2010ರಿಂದ 2017ರ ನಡುವೆ ರಾಣೆಬೆನ್ನೂರಿನ ಸರಕಾರಿ ಆಸ್ಪತ್ರೆಯಲ್ಲಿ ಸಾವಿರದೈನೂರಕ್ಕೂ ಹೆಚ್ಚು ಹೆಂಗಸರ ಗರ್ಭಚೀಲ ತೆಗೆಯಲಾಯಿತು, ಬಹಳಷ್ಟು ಅನಗತ್ಯವಾಗಿ, ಎಂಬ ಆರೋಪ ಎದ್ದಿತು. ಬಹುಪಾಲು ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಹೆಂಗಸರು. 2022ರಲ್ಲಿ ಅವರು ಪರಿಹಾರ ಕೇಳಿ ಆಗಿನ ಮುಖ್ಯಮಂತ್ರಿಯ ಊರು ಶಿಗ್ಗಾವಿಯ ಕಡೆ ನಡೆದು ಹೊರಟರು. ಕಲಬುರಗಿಯಲ್ಲೂ 2015ರಲ್ಲಿ ಇಂಥದೇ ದೂರು ಎದ್ದಿತ್ತು. ಸುದ್ದಿಗಳಲ್ಲಿ ಸೊಂಟನೋವು, ಕೂಲಿಗೆ ಹೋಗಲಾಗದ್ದು ಬಂತು. ನೆನಪು, ಮನಸ್ಸಿನ ಮಾತು ಬಂದದ್ದು ಕಡಿಮೆ. ಮರೆವಿಗೆ ಗಾಯದ ಗುರುತಿಲ್ಲವಲ್ಲ, ಪರಿಹಾರದ ಅರ್ಜಿಯಲ್ಲಿ ಅದನ್ನು ಎಲ್ಲಿ ಬರೆಯುವುದು?

ಕ್ಯಾನ್ಸರ್, ನಿಲ್ಲದ ರಕ್ತಸ್ರಾವ ಇದ್ದರೆ ಈ ಆಪರೇಷನ್ ಜೀವ ಉಳಿಸುತ್ತದೆ, ಅದರಲ್ಲಿ ಅನುಮಾನ ಬೇಡ. 2022ರಲ್ಲಿ ಕೇಂದ್ರ ಸರಕಾರ ಅನಗತ್ಯ ಆಪರೇಷನ್ ತಡೆಯಲು ಮಾರ್ಗಸೂಚಿ ಮಾಡಿತು, 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಎಂದು ರಾಜ್ಯಗಳಿಗೆ ಹೇಳಿತು. ಹಾರ್ಮೋನು ಗುಳಿಗೆಯನ್ನು ಮಾತ್ರ ಅಂಗಡಿಯಿಂದ ತಂದು ನುಂಗಬೇಡಿ. 65 ದಾಟಿದವರಿಗೆ ಎರಡು ಹಾರ್ಮೋನು ಸೇರಿಸಿ ಕೊಟ್ಟಾಗ ಬುದ್ಧಿಭ್ರಮೆಯ ಅಪಾಯ ಹೆಚ್ಚಿತೆಂದು 2003ರ ದೊಡ್ಡ ಅಮೆರಿಕನ್ ಅಧ್ಯಯನ ತೋರಿಸಿತು. ಚಿಕ್ಕ ವಯಸ್ಸಿನಲ್ಲೇ ಅಂಡಾಶಯ ಹೋದವರ ಲೆಕ್ಕ ಬೇರೆ, ಅದನ್ನು ವೈದ್ಯರೇ ಹೇಳಬೇಕು.

ಅವರ ಬಳಿ ಹೋಗುವಾಗ ಹಳೆಯ ಡಿಸ್ಚಾರ್ಜ್ ಕಾರ್ಡ್ ಒಯ್ಯಿರಿ. ಟ್ರಂಕಿನ ತಳದಲ್ಲೋ ಪಡಿತರ ಚೀಟಿಯ ಜೊತೆಯಲ್ಲೋ ಇರುತ್ತದೆ. ಅದರಲ್ಲಿ ‘ಟಿಎಎಚ್’ ಎಂದಷ್ಟೇ ಇದ್ದರೆ ಹೊಟ್ಟೆ ಕೊಯ್ದು ಚೀಲ ತೆಗೆದಿದ್ದಾರೆ ಎಂದರ್ಥ. ಮುಂದೆ ‘ಬಿಎಸ್‌ಓ’ ಎಂದಿದ್ದರೆ ಎರಡೂ ಅಂಡಾಶಯ ಹೋಗಿವೆ. ಕಾರ್ಡ್ ಇಂಗ್ಲಿಷಿನಲ್ಲಿರುತ್ತದೆ, ಶಾಲೆಗೆ ಹೋಗುವ ಮಗಳ ಕೈಲಿ ಓದಿಸಿ.