ನಿಯಮದ ಮುಕ್ತತೆ ಮತ್ತು ರೂಢಿಯ ಕೇಂದ್ರೀಕರಣ: ಸಾಮಾಜಿಕ ಜಾಲಗಳ ಚರಿತ್ರೆಯ ಒಂದು ಪರಿಶೀಲನೆ

ಒಬ್ಬರ ಒಡೆತನಕ್ಕೆ ಒಳಪಡದೆ, ಅನೇಕ ಸರ್ವರುಗಳು ಸಮಾನ ನಿಯಮವೊಂದನ್ನು ಒಪ್ಪಿ ಪರಸ್ಪರ ಕೊಡುಕೊಳೆ ನಡೆಸುವ ವ್ಯವಸ್ಥೆಯನ್ನು ವಿಕೇಂದ್ರೀಕೃತ ಜಾಲವೆಂದು ಕರೆಯಬಹುದು. 2022ರ ಅಕ್ಟೋಬರಿನಲ್ಲಿ ಟ್ವಿಟರ್ ಇಲಾನ್ ಮಸ್ಕ್ ಅವರ ಕೈಸೇರಿದ ಮೇಲೆ ಮ್ಯಾಸ್ಟೊಡಾನ್, ಬ್ಲೂಸ್ಕೈ ಮೊದಲಾದ ಹೊಸ ಜಾಲಗಳತ್ತ ಗಮನ ಹರಿದಿದೆ. ಇವು ಮುಕ್ತವಾಗಿ, ವಿಕೇಂದ್ರೀಕೃತವಾಗಿ ಉಳಿಯಬಲ್ಲವೆ ಎಂಬುದು ಮೇಲ್ನೋಟಕ್ಕೆ ಭವಿಷ್ಯವನ್ನು ಕುರಿತ ಪ್ರಶ್ನೆ. ಆದರೆ ಈ ಪ್ರಶ್ನೆಗೆ ನಲವತ್ತು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. ಆ ಚರಿತ್ರೆಯ ಮೂರು ನಿದರ್ಶನಗಳನ್ನು ಪರಿಶೀಲಿಸಿ, ಅವುಗಳಿಂದ ದೊರೆಯುವ ಒರೆಗಲ್ಲಿಗೆ ಇಂದಿನ ಜಾಲಗಳನ್ನು ಹಚ್ಚಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದು ಯೂಸ್‌ನೆಟ್. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ 1979ರಲ್ಲಿ ಇದನ್ನು ಕಲ್ಪಿಸಿದರು. ಒಂದು ಗಣಕದಲ್ಲಿ ಬರೆದದ್ದು ನೆರೆಯ ಗಣಕಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಪ್ರತಿಯಾಗುತ್ತ ಹರಡುತ್ತಿತ್ತು. ಅದಕ್ಕೆ ಕೇಂದ್ರವೆಂಬುದೇ ಇರಲಿಲ್ಲ. ಆದರೆ ಸ್ಥಳಾಭಾವದಿಂದ ಸರ್ವರುಗಳು ಹಳೆಯ ಬರಹಗಳನ್ನು ಕಾಲಕಾಲಕ್ಕೆ ಅಳಿಸುತ್ತಿದ್ದವು. ಅವನ್ನು ಕೂಡಿಡುವ ಕೆಲಸವನ್ನು 1995ರಲ್ಲಿ ಡೇಜಾ ನ್ಯೂಸ್ ಎಂಬ ಕಂಪನಿ ಕೈಗೊಂಡಿತು. 2001ರಲ್ಲಿ ಆ ಭಂಡಾರ ಗೂಗಲ್ ವಶವಾಯಿತು. 2024ರ ಫೆಬ್ರುವರಿಯಲ್ಲಿ ಗೂಗಲ್ ಹಳೆಯ ಬರಹಗಳನ್ನು ಓದುವ ಅವಕಾಶ ಉಳಿಸಿ, ಹೊಸ ಬರಹಗಳ ವಿನಿಮಯವನ್ನು ನಿಲ್ಲಿಸಿತು. ಮಾತು ಎಲ್ಲೆಡೆ ಹಂಚಿಹೋಗಿದ್ದ ಜಾಲದ ನೆನಪು ಬಹುಮಟ್ಟಿಗೆ ಒಬ್ಬರ ಕೈಗೆ ಬಂದಿತ್ತು.

ಎರಡನೆಯದು ಇ-ಮೇಲ್. ಇದರ ರವಾನೆಯ ನಿಯಮವಾದ ಎಸ್‌ಎಂಟಿಪಿಯನ್ನು ಜಾನ್ ಪೋಸ್ಟೆಲ್ 1982ರಲ್ಲಿ ಪ್ರಕಟಿಸಿದರು. ಆ ನಿಯಮದಂತೆ ಯಾರು ಬೇಕಾದರೂ ತಮ್ಮದೇ ಸರ್ವರನ್ನು ನಡೆಸಬಹುದು. ಇಂದಿಗೂ ಅದಕ್ಕೆ ಅಡ್ಡಿಯಿಲ್ಲ. ಆದರೆ ಬೇಡದ ಪತ್ರಗಳ ಹಾವಳಿ ಹೆಚ್ಚಿದಂತೆ, ಯಾವ ಪತ್ರವನ್ನು ಒಳಗೆ ಬಿಡಬೇಕೆಂಬ ತೀರ್ಮಾನ ಅತಿ ಹೆಚ್ಚು ಖಾತೆಗಳುಳ್ಳ ಕೆಲವು ಕಂಪನಿಗಳದಾಯಿತು. 2024ರ ಫೆಬ್ರುವರಿಯಿಂದ ಜಿಮೇಲ್, ತನ್ನ ಬಳಕೆದಾರರಿಗೆ ದಿನಕ್ಕೆ 5000ಕ್ಕೂ ಹೆಚ್ಚು ಪತ್ರ ಕಳುಹಿಸುವವರು ತಮ್ಮ ಗುರುತನ್ನು ದೃಢೀಕರಿಸಲೇಬೇಕೆಂಬ ನಿಬಂಧನೆಗಳನ್ನು ವಿಧಿಸಿತು. ಯಾಹೂ ಅದೇ ವೇಳೆಗೆ ಅಂಥವನ್ನೇ ತಂದಿತು. ಇವುಗಳ ಉದ್ದೇಶ ಒಳ್ಳೆಯದೇ. ಆದರೂ ಎಲ್ಲರೂ ಕೂಡಿ ಮಾಡಬೇಕಾದ ನಿಯಮವನ್ನು ದೊಡ್ಡವರು ಮಾಡಿ, ಉಳಿದವರು ಪಾಲಿಸುವ ಸ್ಥಿತಿ ಒದಗಿದ್ದು ಗಮನಾರ್ಹ.

ಮೂರನೆಯದು ಜ್ಯಾಬರ್. ತಕ್ಷಣದ ಸಂದೇಶಕ್ಕಾಗಿ ಜೆರೆಮಿ ಮಿಲ್ಲರ್ 1999ರಲ್ಲಿ ಪ್ರಕಟಿಸಿದ ಈ ವ್ಯವಸ್ಥೆ 2004ರಲ್ಲಿ ಎಕ್ಸ್‌ಎಂಪಿಪಿ ಎಂಬ ಹೆಸರಿನಲ್ಲಿ ಅಂತರ್ಜಾಲದ ಮಾನಕವಾಯಿತು. 2005ರಲ್ಲಿ ಆರಂಭವಾದ ಗೂಗಲ್ ಟಾಕ್ ಇದನ್ನೇ ಆಧರಿಸಿತ್ತು. 2006ರ ಜನವರಿಯಲ್ಲಿ ಹೊರಗಿನ ಸರ್ವರುಗಳಿಗೂ ಬಾಗಿಲು ತೆರೆಯಿತು. 2013ರ ಮೇ ತಿಂಗಳಿನಲ್ಲಿ ಅದರ ಸ್ಥಾನಕ್ಕೆ ಹ್ಯಾಂಗ್‌ಔಟ್ಸ್ ಬಂದಾಗ ಆ ಬಾಗಿಲು ಹೊಸ ಸೇವೆಯಲ್ಲಿರಲಿಲ್ಲ. ಚಿಕ್ಕ ಸರ್ವರುಗಳ ಬಳಕೆದಾರರಿಗೆ ತಮ್ಮ ಗೆಳೆಯರು ಒಬ್ಬೊಬ್ಬರಾಗಿ ಕಾಣದಾದರು. ಹ್ಯಾಂಗ್‌ಔಟ್ಸ್ ಕೂಡ 2022ರಲ್ಲಿ ಕೊನೆಗೊಂಡಿತು.

ಈ ಮೂರರಲ್ಲಿ ಯಾವುದರ ನಿಯಮವನ್ನೂ ಯಾರೂ ಮುಚ್ಚಲಿಲ್ಲ. ಸಂಗ್ರಹ, ಕಾವಲು, ನಿರ್ವಹಣೆ ಇವುಗಳ ಹೊರೆಯನ್ನು ಹೊತ್ತವರ ಬಳಿಗೆ ಜನ ಸೇರಿದರು. ಜನ ಸೇರಿದ ಕಡೆಗೆ ಅಧಿಕಾರವೂ ಸೇರಿತು. ಆದುದರಿಂದ ಜಾಲವೊಂದರ ಮುಕ್ತತೆಯನ್ನು ಅದರ ನಿಯಮದ ಪಠ್ಯದಿಂದ ಅಳೆಯುವುದು ಸಾಲದು. ಬಳಕೆದಾರನು ತನ್ನ ಹೆಸರು, ಸಂಬಂಧಗಳು, ಬರಹಗಳು ಈ ಮೂರನ್ನೂ ಎತ್ತಿಕೊಂಡು ಹೊರಡಬಲ್ಲನೆ? ಹೊರಟರೆ ಸೇರಲು ಬೇರೆ ನೆಲೆಗಳಿವೆಯೆ? ಆ ನೆಲೆಗಳ ವೆಚ್ಚವನ್ನು ಹೊರುವವರಾರು? ಒರೆಗಲ್ಲು ಇದೇ.

2016ರಲ್ಲಿ ಜರ್ಮನಿಯ ಆಯ್‌ಗೆನ್ ರೊಶ್ಕೊ ಆರಂಭಿಸಿದ ಮ್ಯಾಸ್ಟೊಡಾನ್, 2018ರಲ್ಲಿ ಮಾನಕವಾದ ಆಕ್ಟಿವಿಟಿಪಬ್ ನಿಯಮವನ್ನು ಅನುಸರಿಸುತ್ತದೆ. ಇಲ್ಲಿ ಸರ್ವರ್ ಬದಲಿಸಿದಾಗ ಅನುಯಾಯಿಗಳು ಜೊತೆಗೆ ಬರುತ್ತಾರೆ. ಹಳೆಯ ಬರಹಗಳು ಬರುವುದಿಲ್ಲ. ಸರ್ವರಿನ ಹೆಸರನ್ನೂ ಒಳಗೊಂಡ ವಿಳಾಸ ಬದಲಾಗುತ್ತದೆ. 2024ರ ಫೆಬ್ರುವರಿಯಲ್ಲಿ ಸಾರ್ವಜನಿಕರಿಗೆ ತೆರೆದ ಬ್ಲೂಸ್ಕೈಯಲ್ಲಿ ಹೆಸರನ್ನೂ ಬರಹಗಳನ್ನೂ ಒಯ್ಯುವ ಏರ್ಪಾಡಿದೆ. ಆದರೆ ಬಹುಪಾಲು ಖಾತೆಗಳು ನೆಲೆಸಿರುವುದು ಅದನ್ನು ಕಟ್ಟಿದ ಕಂಪನಿಯ ಸರ್ವರುಗಳಲ್ಲೇ. 2023ರಲ್ಲಿ ಬಂದ ಮೆಟಾ ಕಂಪನಿಯ ಥ್ರೆಡ್ಸ್ 2024ರಿಂದ ಆಕ್ಟಿವಿಟಿಪಬ್ ಜಾಲದೊಡನೆ ಸೀಮಿತ ಕೊಡುಕೊಳೆ ನಡೆಸಿದೆ. ಜ್ಯಾಬರಿನ ಚರಿತ್ರೆ ಬಲ್ಲವರಿಗೆ ಇದು ಪರಿಚಿತ ಸನ್ನಿವೇಶ. ವೆಚ್ಚದ ಪ್ರಶ್ನೆಯೂ ಹಗುರವಾದುದಲ್ಲ. ಯುರೋಪಿಯನ್ ಒಕ್ಕೂಟದ ಸಂಸ್ಥೆಗಳಿಗಾಗಿ 2022ರಲ್ಲಿ ಪ್ರಾಯೋಗಿಕವಾಗಿ ತೆರೆದ ಮ್ಯಾಸ್ಟೊಡಾನ್ ಸರ್ವರ್, ಹೊಣೆ ಹೊರುವ ಮತ್ತೊಂದು ಸಂಸ್ಥೆ ದೊರೆಯದೆ 2024ರ ಮೇ ತಿಂಗಳಿನಲ್ಲಿ ಮುಚ್ಚಿತು.

ಕನ್ನಡಕ್ಕೆ ಈ ವಿಚಾರ ದೂರದ್ದಲ್ಲ. ಬೆಂಗಳೂರಿನ ‘ಕೂ’ ಮೊದಲು ರೂಪುಗೊಂಡದ್ದು ಕನ್ನಡದಲ್ಲಿ; ಅನಂತರ ಇತರ ಭಾರತೀಯ ಭಾಷೆಗಳಿಗೆ ಹಬ್ಬಿತು. ಪಾಲುದಾರಿಕೆಯ ಮಾತುಕತೆಗಳು ಫಲಿಸದೆ 2024ರ ಜುಲೈನಲ್ಲಿ ಅದು ನಿಂತಿತು. ದೇಶಿ ಭಾಷೆಗಳಿಗೆ ಆದ್ಯತೆ ನೀಡಿದ ಜಾಲವದು. ಆದರೂ ಅದರ ಅಳಿವು ಉಳಿವು ಒಂದೇ ಕಂಪನಿಯದಾಗಿತ್ತು. 2014ರಲ್ಲಿ ಆರ್ಕುಟ್ ಮುಚ್ಚಿದಾಗಲೂ ಹೀಗೆಯೇ ಆಗಿತ್ತು. ಮುಂಬಯಿ, ಚೆನ್ನೈ, ದೆಹಲಿಗಳ ಕನ್ನಡ ಸಂಘಗಳ ಚಟುವಟಿಕೆ ಹಿಂದೆ ಕರಪತ್ರ, ಸ್ಮರಣ ಸಂಚಿಕೆಗಳಲ್ಲಿ ಉಳಿಯುತ್ತಿತ್ತು. ನಾಲ್ಕಾರು ಮನೆಗಳಲ್ಲಿ ಅವುಗಳ ಪ್ರತಿ ದೊರೆಯುತ್ತಿತ್ತು. ಇಂದು ಅದರ ಬಹುಭಾಗ ಕಂಪನಿಗಳ ಜಾಲಗಳಲ್ಲಿದೆ. ಹೊರನಾಡ ಕನ್ನಡವನ್ನು ಅಭ್ಯಸಿಸುವ ಮುಂದಿನ ಸಂಶೋಧಕನಿಗೆ ಆಕರವೇ ಇಲ್ಲವಾಗುವ ಅಪಾಯವಿದೆ.

ಹಸ್ತಪ್ರತಿಗಳೊಡನೆ ಒಡನಾಡಿದವರಿಗೆ ಇದರ ಮರ್ಮ ತಿಳಿದದ್ದೇ. ಫ.ಗು. ಹಳಕಟ್ಟಿಯವರು ಮನೆಮನೆಗಳಿಂದ ಓಲೆಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಲು ಸಾಧ್ಯವಾದದ್ದು, ಅವು ಹಲವು ಕೈಗಳಲ್ಲಿ ಹಂಚಿಹೋಗಿದ್ದುದರಿಂದ. ಪ್ರತಿಯೊಂದು ಮನೆಯೂ ಕಾಪಾಡುವ ಹೊಣೆಯ ಒಂದು ಪಾಲನ್ನು ಹೊತ್ತಿತ್ತು.

ಹೊಸ ಜಾಲಗಳ ನಿಯಮ ಮುಕ್ತವಾಗಿ ಉಳಿಯುವುದರಲ್ಲಿ ನಮಗೆ ಹೆಚ್ಚಿನ ಸಂದೇಹವಿಲ್ಲ. ಅವು ವಿಕೇಂದ್ರೀಕೃತವಾಗಿ ಉಳಿಯುವುದು ಮಾತ್ರ, ಗ್ರಂಥಾಲಯ, ವಿಶ್ವವಿದ್ಯಾಲಯ, ಸಂಘಗಳು ಹೊರೆಯ ಪಾಲನ್ನು ಹೊರುವುದನ್ನು ಅವಲಂಬಿಸಿದೆ. ಹೊರನಾಡಿನ ಕನ್ನಡ ಪೀಠಗಳು ಒಟ್ಟಾಗಿ ಒಂದು ಸರ್ವರನ್ನು ನಡೆಸುವುದು, ಅದರ ಬರಹಗಳ ಪ್ರತಿಯನ್ನು ಕನಿಷ್ಠ ಎರಡು ಗ್ರಂಥಾಲಯಗಳಲ್ಲಿ ಕಾಲಕಾಲಕ್ಕೆ ಇರಿಸುವುದು ಅಸಾಧ್ಯವಾದ ಕಾರ್ಯವಲ್ಲ. ಅದಕ್ಕೆ ಪ್ರತಿವರ್ಷದ ಆಯವ್ಯಯದಲ್ಲಿ ಒಂದು ಶಾಶ್ವತ ಬಾಬು ಬೇಕು; ಒಂದು ಬಾರಿಯ ಅನುದಾನದಿಂದ ಅದು ಬಾಳದು. ಈ ದಿಕ್ಕಿನಲ್ಲಿ ವಿದ್ವಾಂಸರು ಆಲೋಚಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.